ಹೇಳಿ ಹೋದ ನಿಲಯ, ಹೇಳದೆ ಹೋದ ನಿಲಯ



ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಹೊರಟವರು ತಿರುಗಿ ಬರಲಿ ಎಂಬ ಹಾರೈಕೆ ಆ ಮಾತಿನಲ್ಲಿದೆ. ಆದರೆ ತಿರುಗಿ ಬರುವುದೇ ಇಲ್ಲವೆಂದು ಗೊತ್ತಿದ್ದರೆ ಏನು ಹೇಳಬೇಕು? ಹೊರಟಿರುವುದು ಮನುಷ್ಯನಲ್ಲ, ದಿನ ಬೆಳಗಾದರೆ ಕಿವಿಗೆ ಬೀಳುತ್ತಿದ್ದ ಒಂದು ರೇಡಿಯೊ ನಿಲಯ ಎಂದಾದರೆ ಯಾರು ಯಾರಿಗೆ ಹೇಳಬೇಕು?

ಇಂಗ್ಲೆಂಡಿನ ಕರಾವಳಿಯಾಚೆ, ಹಡಗುಗಳ ಮೇಲೆ ನಡೆಯುತ್ತಿದ್ದ ಎರಡು ನಿಲಯಗಳ ಕಥೆಯನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಒಂದು ರೇಡಿಯೊ ಲಂಡನ್, ಇನ್ನೊಂದು ರೇಡಿಯೊ ಕ್ಯಾರೊಲಿನ್. ಗಿಟಾರು, ಡ್ರಮ್ಮುಗಳ ಅಬ್ಬರದ ರಾಕ್ ಮತ್ತು ಪಾಪ್ ಹಾಡುಗಳನ್ನು ಹಗಲೆಲ್ಲ ಕೇಳಿಸಿ, ಅಲ್ಲಿಯ ಒಂದು ಇಡೀ ಪೀಳಿಗೆಯ ಪ್ರೀತಿ ಗಳಿಸಿದ ನಿಲಯಗಳು ಇವು. ಮೊದಲನೆಯದು ದಿನ, ಗಂಟೆ ಹೇಳಿ ಹೋಯಿತು. ಎರಡನೆಯದು ಒಂದು ಬೆಳಗ್ಗೆ ಹೇಳದೆ ಸುಮ್ಮನಾಯಿತು. ಗಡಿಯ ಈಚೆ ಕುಳಿತು ಕನ್ನಡ ಕಾರ್ಯಕ್ರಮಕ್ಕಾಗಿ ರೇಡಿಯೊದ ಕಿವಿ ಹಿಂಡುವ ನಮಗೆ ಈ ಎರಡು ಬಗೆಯ ಅಗಲಿಕೆಯಲ್ಲಿ ತಿಳಿದುಕೊಳ್ಳುವುದು ಬಹಳ ಇದೆ.

ನಿಲಯ ಸಮುದ್ರಕ್ಕೆ ಹೋದದ್ದೇಕೆ ಎಂಬುದನ್ನು ಮೊದಲು ನೋಡೋಣ. 1964ರಲ್ಲಿ ಬ್ರಿಟನ್ನಿನ ನೆಲದ ಮೇಲೆ ರೇಡಿಯೊ ಪ್ರಸಾರದ ಹಕ್ಕು ಇದ್ದದ್ದು ಬಿ.ಬಿ.ಸಿ. ಒಂದಕ್ಕೇ. ನಮ್ಮಲ್ಲೂ ಹಿಂದೆ ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸಿಗೆ ಹಣ ಕಟ್ಟಿ ಬರುತ್ತಿದ್ದೆವಲ್ಲ, ಅಲ್ಲಿಯೂ ಹಾಗೆಯೇ. ಕೇಳುಗರು ಲೈಸೆನ್ಸಿನ ಹಣ ಕಟ್ಟುತ್ತಿದ್ದರು, ಬಿ.ಬಿ.ಸಿ. ತಾನು ಸರಿಯೆಂದು ಕಂಡದ್ದನ್ನು ಕೇಳಿಸುತ್ತಿತ್ತು. ಸುದ್ದಿ, ನಾಟಕ, ಭಾಷಣ, ಶಾಸ್ತ್ರೀಯ ಸಂಗೀತ ಎಲ್ಲವೂ ಉತ್ತಮ ಮಟ್ಟದವೇ. ಆದರೆ ಹದಿನಾರು, ಹದಿನೆಂಟರ ಹುಡುಗರಿಗೆ ಬೇಕಾದ ಹೊಸ ಹಾಡುಗಳು ಮಾತ್ರ ಅದರಲ್ಲಿ ಅಪರೂಪ.

ಇದಕ್ಕೆ ಬಿ.ಬಿ.ಸಿ.ಯವರ ಅಭಿರುಚಿಯೊಂದೇ ಕಾರಣವಲ್ಲ. ಗ್ರಾಮಫೋನ್ ತಟ್ಟೆಗಳನ್ನು ರೇಡಿಯೊದಲ್ಲಿ ಹಾಕಲು ಗಂಟೆಗಳ ಮಿತಿ ಇತ್ತು. ಮುಳ್ಳು ತಟ್ಟೆಯ ಮೇಲೆ ಓಡುವ ಕಾಲವೆಂದು ಅದಕ್ಕೆ ‘ನೀಡಲ್ ಟೈಮ್’ ಎಂದು ಹೆಸರು. ತಟ್ಟೆಗಳೇ ಎಲ್ಲ ಹೊತ್ತೂ ಹಾಡಿದರೆ ವಾದ್ಯ ನುಡಿಸುವವರ ಹೊಟ್ಟೆಪಾಡು ಏನಾಗಬೇಕೆಂದು ಸಂಗೀತಗಾರರ ಸಂಘ ಹೆದರಿತ್ತು. ಪುಕ್ಕಟೆ ಕೇಳಿಸಿದರೆ ತಟ್ಟೆ ಕೊಳ್ಳುವವರಾರು ಎಂದು ಕಂಪನಿಗಳು ಹೆದರಿದ್ದವು. ಹೀಗಾಗಿ ಹೊಸ ಹಾಡುಗಳನ್ನು ಬಿ.ಬಿ.ಸಿ.ಯ ವಾದ್ಯವೃಂದದವರೇ ನುಡಿಸಿ ಕೇಳಿಸುವುದು ವಾಡಿಕೆಯಾಗಿತ್ತು. ಮೂಲ ಹಾಡು ಬೇಕೆನ್ನುವವರು ಕತ್ತಲಾಗುವವರೆಗೆ ಕಾದು, ಯುರೋಪಿನ ಪುಟ್ಟ ದೇಶವಾದ ಲಕ್ಸೆಂಬರ್ಗಿನ ನಿಲಯವನ್ನು ಹಿಡಿಯಬೇಕು. ಅದರ ದನಿಯೋ ಒಮ್ಮೆ ಏರಿ, ಒಮ್ಮೆ ಅಡಗಿ, ಕಣ್ಣುಮುಚ್ಚಾಲೆ ಆಡುತ್ತಿತ್ತು.

ಇದನ್ನು ಓದುವಾಗ ನಮ್ಮ ಹಿರಿಯರಿಗೆ ತಮ್ಮದೇ ಕಥೆ ನೆನಪಾದರೆ ಆಶ್ಚರ್ಯವಿಲ್ಲ. 1952ರಲ್ಲಿ ಬಿ. ವಿ. ಕೇಸ್ಕರ್ ಅವರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆ ವಹಿಸಿಕೊಂಡ ಮೇಲೆ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದವು. ಅದೇ ವರ್ಷದ ಡಿಸೆಂಬರಿನಲ್ಲಿ ಸಮುದ್ರದಾಚೆಯ ರೇಡಿಯೊ ಸಿಲೋನಿನಿಂದ ಬಿನಾಕಾ ಗೀತಮಾಲಾ ಶುರುವಾಯಿತು. ಊರಿಗೆ ಊರೇ ಬುಧವಾರ ರಾತ್ರಿ ಅಮೀನ್ ಸಯಾನಿಯವರ ದನಿಗೆ ಕಾಯತೊಡಗಿತು. ನಾನು ಶಾಲೆಯಲ್ಲಿದ್ದಾಗಲೂ ಆ ಪದ್ಧತಿ ಹಾಗೆಯೇ ಇತ್ತು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿಯನ್ನು ಹುಟ್ಟುಹಾಕಬೇಕಾಯಿತು. ಜನರಿಗೆ ಬೇಕಾದದ್ದನ್ನು ಮನೆಯಲ್ಲಿ ಕೊಡದಿದ್ದರೆ ಅವರು ನೆರೆಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಇಂಗ್ಲೆಂಡಿನಲ್ಲಿ ಆ ನೆರೆಮನೆ ನೀರಿನ ಮೇಲೆ ತೇಲುತ್ತಿತ್ತು, ಅಷ್ಟೇ ವ್ಯತ್ಯಾಸ.

ಆಗಿನ ಕಾನೂನಿನ ಪ್ರಕಾರ ಬ್ರಿಟನ್ನಿನ ಅಧಿಕಾರ ಕರಾವಳಿಯಿಂದ ಮೂರು ಮೈಲಿಯವರೆಗೆ ಮಾತ್ರ. ಅದರಾಚೆ ಲಂಗರು ಹಾಕಿದ ಬೇರೆ ದೇಶದ ಧ್ವಜದ ಹಡಗನ್ನು ಕೇಳುವವರಿರಲಿಲ್ಲ. ಐರ್ಲೆಂಡಿನ ರೋನನ್ ಓ ರಾಹಿಲಿ ಎಂಬ ತರುಣ ಒಬ್ಬ ಗಾಯಕನ ವ್ಯವಹಾರ ನೋಡಿಕೊಳ್ಳುತ್ತಿದ್ದ. ತನ್ನವನ ತಟ್ಟೆಯನ್ನು ಯಾವ ರೇಡಿಯೊವೂ ಹಾಕದಿದ್ದಾಗ ಅವನು ನಿಲಯವನ್ನೇ ಕಟ್ಟಲು ಹೊರಟ. ಡೆನ್ಮಾರ್ಕಿನ ಹಳೆಯ ಪ್ರಯಾಣಿಕರ ಹಡಗೊಂದನ್ನು ಕೊಂಡು, ಅದರ ಮೇಲೆ ಎತ್ತರದ ಪ್ರಸಾರ ಕಂಬ ನಿಲ್ಲಿಸಿ, 1964ರ ಮಾರ್ಚ್ 28ರಂದು ಸಫೋಕ್ ಕರಾವಳಿಯಾಚೆಯಿಂದ ಪ್ರಸಾರ ಆರಂಭಿಸಿದ. ಅದೇ ರೇಡಿಯೊ ಕ್ಯಾರೊಲಿನ್. ಕೆಲವು ತಿಂಗಳಲ್ಲಿ ಮಿ ಅಮಿಗೊ ಎಂಬ ಇನ್ನೊಂದು ಹಡಗಿನ ನಿಲಯ ಅದರೊಡನೆ ಕೂಡಿತು. ಒಂದು ಹಡಗು ಉತ್ತರದ ಐಲ್ ಆಫ್ ಮ್ಯಾನ್ ದ್ವೀಪದ ಬಳಿಗೆ ಹೋಯಿತು, ಇನ್ನೊಂದು ದಕ್ಷಿಣದಲ್ಲೇ ಉಳಿಯಿತು.

ಈ ಸುದ್ದಿ ಓದಿದ ಅಮೆರಿಕದ ಟೆಕ್ಸಾಸಿನ ವ್ಯಾಪಾರಿ ಡಾನ್ ಪಿಯರ್ಸನ್ ಮತ್ತು ಅವನ ಜೊತೆಗಾರರು ಬಂಡವಾಳ ಕೂಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸಮುದ್ರದ ಸಿಡಿಗುಂಡುಗಳನ್ನು ತೆಗೆಯುತ್ತಿದ್ದ ಅಮೆರಿಕದ ನೌಕೆಯೊಂದು ‘ಗ್ಯಾಲಕ್ಸಿ’ ಎಂಬ ಹೆಸರಿನಿಂದ ಫ್ರಿಂಟನ್ ಊರಿನ ಎದುರಿಗೆ ಬಂದು ನಿಂತಿತು. 1964ರ ಡಿಸೆಂಬರ್ 23ರಂದು 266 ಮೀಟರಿನಲ್ಲಿ ರೇಡಿಯೊ ಲಂಡನ್ ವಿಧಿವತ್ತಾಗಿ ಶುರುವಾಯಿತು. ಜನ ಅದನ್ನು ಮುದ್ದಿನಿಂದ ‘ಬಿಗ್ ಎಲ್’ ಎಂದು ಕರೆದರು. ಅದು ಪಕ್ಕಾ ವ್ಯವಹಾರದ ನಿಲಯ. ಆದಾಯವೆಲ್ಲ ಜಾಹೀರಾತಿನದು. ನಲವತ್ತು ಹಾಡುಗಳ ವಾರದ ಪಟ್ಟಿ, ನಡುನಡುವೆ ಅಮೆರಿಕದ ಡಲ್ಲಾಸಿನಲ್ಲಿ ಮಾಡಿಸಿ ತಂದ ನಿಲಯದ ಹೆಸರಿನ ಹಾಡುತುಣುಕುಗಳು, ಗಂಟೆಗೊಮ್ಮೆ ಸುದ್ದಿ.

ಜನ ಮರುಳಾದದ್ದು ಹಾಡುಗಳಿಗೆ ಮಾತ್ರವಲ್ಲ, ಮಾತಿಗೂ. ಬಿ.ಬಿ.ಸಿ.ಯ ಉದ್ಘೋಷಕರು ಬರೆದದ್ದನ್ನು ಓದುತ್ತಿದ್ದರು. ಹಡಗಿನವರು ಎದುರಿಗೆ ಕುಳಿತ ಗೆಳೆಯನೊಡನೆ ಮಾತಾಡಿದಂತೆ ಮಾತಾಡಿದರು. ಬಿರುಗಾಳಿ ಬೀಸಿದರೆ ತಟ್ಟೆಯ ಮೇಲಿನ ಮುಳ್ಳು ಜಾರುತ್ತಿತ್ತು. ಅದೂ ಕೇಳುಗರಿಗೆ ಕೇಳಿಸುತ್ತಿತ್ತು. ಕೆನ್ನಿ ಎವರೆಟ್ ತಮಾಷೆ ಮಾಡಿ ನಗಿಸಿದರೆ, 1967ರಲ್ಲಿ ಬಂದ ಜಾನ್ ಪೀಲ್ ನಡುರಾತ್ರಿಯ ನಂತರದ ಹೊತ್ತನ್ನು ತನ್ನದಾಗಿಸಿಕೊಂಡ. ಪಟ್ಟಿಯ ನಲವತ್ತು ಹಾಡುಗಳನ್ನು ಬದಿಗಿಟ್ಟು, ಬೇರೆಲ್ಲೂ ಕೇಳಸಿಗದ ರಾಕ್ ತಂಡಗಳ ದೀರ್ಘ ಹಾಡುಗಳನ್ನು ಹಾಕುತ್ತ, ಕೇಳುಗರ ಪತ್ರಗಳನ್ನು ಓದುತ್ತ ಕೂರುತ್ತಿದ್ದ. ರಾತ್ರಿ ನಿದ್ದೆಗೆಟ್ಟ ಸಾವಿರಾರು ಮಂದಿಗೆ ತಾವು ಒಬ್ಬಂಟಿಗಳಲ್ಲ ಎನಿಸುವಂತೆ ಮಾಡಿದ ಕಾರ್ಯಕ್ರಮ ಅದು.

ಇನ್ನು ಜಮೆಯ ಕಡೆ ಬರೆದ ಮೇಲೆ ಖರ್ಚಿನ ಕಡೆಯನ್ನೂ ಬರೆಯಬೇಕು. ಬ್ಯಾಂಕಿನ ಲೆಡ್ಜರಿನ ಮುಂದೆ ಆಯುಷ್ಯ ಕಳೆದವನಿಗೆ ಒಂದು ಬದಿಯ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಈ ನಿಲಯಗಳಿಗೆ ‘ಕಡಲ್ಗಳ್ಳರು’ ಎಂಬ ಹೆಸರು ಸುಮ್ಮನೆ ಬರಲಿಲ್ಲ. ತರಂಗಾಂತರಗಳನ್ನು ದೇಶದೇಶಗಳು ಕೂತು ಹಂಚಿಕೊಂಡಿದ್ದವು. ಇವರು ಯಾರನ್ನೂ ಕೇಳದೆ ನಡುವೆ ನುಗ್ಗಿದರು. ತಟ್ಟೆ ಕಂಪನಿಗಳ ಅನುಮತಿಯಿಲ್ಲದೆ ತಟ್ಟೆ ಹಾಕಿದರು. ಆ ಕಂಪನಿಗಳಾದರೂ ಮುಂಬಾಗಿಲಲ್ಲಿ ಆಕ್ಷೇಪ ಎತ್ತಿ, ಹಿತ್ತಲ ಬಾಗಿಲಿನಿಂದ ಹೊಸ ತಟ್ಟೆಗಳನ್ನು ಹಡಗಿಗೆ ಮುಟ್ಟಿಸುತ್ತಿದ್ದುದೂ ಉಂಟು. ಕೊನೆಕೊನೆಗೆ ಕ್ಯಾರೊಲಿನ್‌ನಲ್ಲಿ ಹಣ ಕೊಟ್ಟವರ ಹಾಡುಗಳು ಪದೇಪದೇ ಬರತೊಡಗಿದವು. ಇದಕ್ಕಿಂತ ಕೆಟ್ಟದ್ದು ನಡೆದದ್ದು 1966ರ ಜೂನಿನಲ್ಲಿ. ಥೇಮ್ಸ್ ನದಿಯ ಮುಖದಲ್ಲಿದ್ದ ಯುದ್ಧಕಾಲದ ಕೋಟೆಯೊಂದರ ಮೇಲೆ ರೇಡಿಯೊ ಸಿಟಿ ಎಂಬ ನಿಲಯವಿತ್ತು. ಅದರ ವ್ಯವಹಾರದ ಜಗಳದಲ್ಲಿ ಕೆಲವರು ಕೋಟೆಯನ್ನೇ ಹಿಡಿದುಕೊಂಡರು. ಮರುದಿನ, ಜೂನ್ 21ರ ರಾತ್ರಿ, ನಿಲಯದ ಒಡೆಯ ರೆಜ್ ಕ್ಯಾಲ್ವರ್ಟ್ ಎದುರಾಳಿಯ ಮನೆಗೆ ಹೋದಾಗ ಗುಂಡೇಟಿನಿಂದ ಸತ್ತ. ಆತ್ಮರಕ್ಷಣೆಗಾಗಿ ಹೊಡೆದೆನೆಂದ ಆಲಿವರ್ ಸ್ಮೆಡ್ಲಿಯನ್ನು ನ್ಯಾಯಾಲಯ ಬಿಡುಗಡೆ ಮಾಡಿತು. ಹಾಡಿನ ಹಿಂದೆ ರಕ್ತದ ಕಲೆಯೂ ಬಂದಮೇಲೆ ಸರಕಾರ ಸುಮ್ಮನಿರುವಂತಿರಲಿಲ್ಲ.

ಇಂಥ ನಿಲಯಗಳನ್ನು ತಡೆಯಲು ಯುರೋಪಿನ ದೇಶಗಳು 1965ರ ಜನವರಿಯಲ್ಲೇ ಒಪ್ಪಂದ ಮಾಡಿಕೊಂಡಿದ್ದವು. ಹೆರಾಲ್ಡ್ ವಿಲ್ಸನ್ ಸರಕಾರದ ಕಾಯಿದೆ 1967ರ ಜುಲೈನಲ್ಲಿ ಅಂಗೀಕಾರವಾಯಿತು. ಅದು ಹಡಗಿನ ಮೇಲೆ ಫಿರಂಗಿ ಹಾರಿಸುವ ಕಾಯಿದೆಯಲ್ಲ. ಬಹಳ ಜಾಣತನದ್ದು. ಬ್ರಿಟಿಷ್ ಪ್ರಜೆ ಅಂಥ ನಿಲಯದಲ್ಲಿ ಕೆಲಸ ಮಾಡಿದರೆ, ಅದಕ್ಕೆ ಜಾಹೀರಾತು ಕೊಟ್ಟರೆ, ದೋಣಿಯಲ್ಲಿ ಅನ್ನ, ನೀರು, ಎಣ್ಣೆ ಒಯ್ದು ಕೊಟ್ಟರೆ ಅಪರಾಧ. ಎರಡು ವರ್ಷದವರೆಗೆ ಜೈಲು ಆಗಬಹುದು. ಬೇರು ಕಡಿಯುವ ಬದಲು ನೀರು ನಿಲ್ಲಿಸಿದಂತೆ. ಐಲ್ ಆಫ್ ಮ್ಯಾನ್ ದ್ವೀಪಕ್ಕೆ ತನ್ನದೇ ಪುರಾತನ ಶಾಸನಸಭೆ ಇದೆ. ಆ ಸಭೆ ಈ ಕಾಯಿದೆಯನ್ನು ಒಪ್ಪಲಿಲ್ಲ. ಲಂಡನ್ ಸರಕಾರ ಅದನ್ನು ದ್ವೀಪದ ಮೇಲೂ ಹೇರಿತು. ಸಣ್ಣವರ ಮಾತು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬುದಕ್ಕೆ ಇದನ್ನೂ ನೆನಪಿಡಬಹುದು.

ಕಾಯಿದೆ ಜಾರಿಗೆ ಬರುವುದು ಆಗಸ್ಟ್ 14ರ ನಡುರಾತ್ರಿ ಕಳೆದೊಡನೆ ಎಂದು ಗೊತ್ತಾಯಿತು. ನಾವಿಲ್ಲಿ ಇಪ್ಪತ್ತನೆಯ ವರ್ಷದ ಸ್ವಾತಂತ್ರ್ಯೋತ್ಸವಕ್ಕೆ ಧ್ವಜ ಸಿದ್ಧಪಡಿಸುತ್ತಿದ್ದ ದಿನಗಳು ಅವು. ರೇಡಿಯೊ ಲಂಡನ್ ನಡೆಸುತ್ತಿದ್ದ ಫಿಲಿಪ್ ಬರ್ಚ್ ಮತ್ತು ಅವರ ಸಂಗಡಿಗರು ಕಾನೂನು ಮೀರುವುದು ಬೇಡವೆಂದು ತೀರ್ಮಾನಿಸಿದರು. ಆದರೆ ನಡುರಾತ್ರಿಯಲ್ಲಿ ಎಲ್ಲರೂ ಮಲಗಿದ ಮೇಲೆ ಹೋಗುವುದೂ ಬೇಡ. ಆಗಸ್ಟ್ 14ರ ಸೋಮವಾರ ಮಧ್ಯಾಹ್ನ ಮೂರಕ್ಕೆ ಮುಗಿಸುತ್ತೇವೆ ಎಂದು ಮುಂಚೆಯೇ ಸಾರಿದರು.

ಹಿಂದಿನ ರಾತ್ರಿ ಜಾನ್ ಪೀಲ್ ಬೆಳಗಿನ ಜಾವದವರೆಗೆ ಕುಳಿತು ತನ್ನ ಕೊನೆಯ ಕಾರ್ಯಕ್ರಮ ನಡೆಸಿದ. ಮಧ್ಯಾಹ್ನದ ಕಡೆಯ ಗಂಟೆಯಲ್ಲಿ ಹೆಸರಾಂತ ಹಾಡುಗಾರರು ನಿಲಯಕ್ಕೆ ಹೇಳಿದ ವಿದಾಯದ ಮಾತುಗಳು ಬಂದವು. ಕಡೆಯ ತಟ್ಟೆಯಾಗಿ ಬೀಟಲ್ಸ್ ತಂಡದ ‘ಎ ಡೇ ಇನ್ ದ ಲೈಫ್’ ಹಾಡನ್ನು ಹಾಕಿದರು. ಈ ಆಯ್ಕೆಯಲ್ಲಿ ಒಂದು ಚುಚ್ಚು ಇತ್ತು. ಮಾದಕ ಪದಾರ್ಥದ ಸೂಚನೆ ಇದೆಯೆಂದು ಬಿ.ಬಿ.ಸಿ. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಸಾರಕ್ಕೆ ನಿಷೇಧಿಸಿದ್ದ ಹಾಡು ಅದು. ಹಾಡಿನ ಕಡೆಯಲ್ಲಿ ಪಿಯಾನೋದ ಒಂದೇ ಸ್ವರಮೇಳ ಬಹಳ ಹೊತ್ತು ಮೊಳಗಿ, ನಿಧಾನವಾಗಿ ಕರಗಿಹೋಗುತ್ತದೆ. ಆಮೇಲೆ, ನಿಲಯದ ಮೊದಲ ದಿನಗಳಿಂದಲೂ ಇದ್ದ ಪಾಲ್ ಕೇ ಎರಡೇ ಮಾತು ಹೇಳಿದರು. ಸಮಯ ಮೂರು ಗಂಟೆ, ರೇಡಿಯೊ ಲಂಡನ್ ಈಗ ಪ್ರಸಾರ ಮುಗಿಸುತ್ತಿದೆ. ನಿಲಯದ ಗುರುತಿನ ರಾಗ ಒಮ್ಮೆ ನುಡಿಯಿತು. ನಂತರ ಬರೀ ಗೊರಗೊರ ಸದ್ದು. ನಮ್ಮಲ್ಲಿ ಆಗ ಸಂಜೆ ಏಳೂವರೆ.

ಪಕ್ಕದ ಹಡಗಿನಲ್ಲಿದ್ದ ಕ್ಯಾರೊಲಿನ್‌ನ ರಾಬಿ ಡೇಲ್ ತನ್ನ ಪ್ರತಿಸ್ಪರ್ಧಿಗೆ ಗೌರವ ಹೇಳಿ, ಒಂದು ನಿಮಿಷ ಮೌನ ಆಚರಿಸಿದ. ಇಷ್ಟು ದಿನ ಒಬ್ಬರ ಕೇಳುಗರನ್ನು ಇನ್ನೊಬ್ಬರು ಸೆಳೆಯಲು ಹೆಣಗಿದವರು ಇವರು. ಎದುರಂಗಡಿಯವನು ಬಾಗಿಲು ಹಾಕಿದಾಗ ತನ್ನ ಅಂಗಡಿಯನ್ನೂ ಅರೆಗಳಿಗೆ ಮುಚ್ಚುವ ಮರ್ಯಾದೆ ನಮ್ಮ ಪೇಟೆಗಳಲ್ಲೂ ಉಂಟಲ್ಲವೇ? ಸಂಜೆ ರೇಡಿಯೊ ಲಂಡನ್ನಿನವರು ರೈಲಿನಲ್ಲಿ ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣಕ್ಕೆ ಬಂದು ಇಳಿದಾಗ ಪ್ಲಾಟ್‌ಫಾರಂ ತುಂಬ ಹುಡುಗ ಹುಡುಗಿಯರು. ಹಲವರ ತೋಳಿಗೆ ಕಪ್ಪು ಪಟ್ಟಿ. ಸಾವಿನ ಮನೆಗೆ ಬಂದಂತೆ ಅಳುತ್ತಿದ್ದರು. ದನಿಯನ್ನಷ್ಟೇ ಕೇಳಿದ್ದವರು ಅಂದು ಮುಖ ನೋಡಲು ಬಂದಿದ್ದರು.

ಕ್ಯಾರೊಲಿನ್ ಬೇರೆ ದಾರಿ ಹಿಡಿಯಿತು. ನಡುರಾತ್ರಿ ಕಳೆದು ಕಾಯಿದೆ ಜಾರಿಗೆ ಬಂದ ಗಳಿಗೆಯಲ್ಲಿ ಜಾನಿ ವಾಕರ್ ಮತ್ತು ರಾಬಿ ಡೇಲ್ ಹಡಗಿನಲ್ಲೇ ಉಳಿದು, ನಮ್ಮ ನಿಲಯ ನಿಲ್ಲುವುದಿಲ್ಲವೆಂದು ಘೋಷಿಸಿ ಹಾಡು ಮುಂದುವರಿಸಿದರು. ಕೇಳಿದವರ ಮೈ ನವಿರೆದ್ದಿರಬೇಕು. ಆದರೆ ಧೈರ್ಯ ಬೇರೆ, ಡೀಸೆಲ್ಲಿನ ಬಿಲ್ಲು ಬೇರೆ. ಬ್ರಿಟಿಷ್ ಜಾಹೀರಾತು ನಿಂತಿತ್ತು. ಸಾಮಾನು ಸರಂಜಾಮು ಹಾಲೆಂಡಿನಿಂದ ಬರಬೇಕಾಗಿತ್ತು. ಸರಬರಾಜು ಮಾಡುತ್ತಿದ್ದ ಡಚ್ ಕಂಪನಿಯ ಬಾಕಿ ಏರುತ್ತ ಹೋಯಿತು. 1968ರ ಮಾರ್ಚ್ 3ರಂದು, ದಿನದ ಪ್ರಸಾರ ಶುರುವಾಗುವ ಮೊದಲೇ, ಎರಡೂ ಹಡಗುಗಳನ್ನು ಬಾಕಿಗಾಗಿ ವಶಪಡಿಸಿಕೊಂಡು ಆಮ್‌ಸ್ಟರ್‌ಡ್ಯಾಮಿಗೆ ಎಳೆದೊಯ್ದರು. ಬೆಳಗ್ಗೆ ರೇಡಿಯೊ ಹಚ್ಚಿದ ಕೇಳುಗರಿಗೆ ಏನೂ ಕೇಳಿಸಲಿಲ್ಲ. ಕಡೆಯ ಹಾಡಿಲ್ಲ, ಕಡೆಯ ಮಾತಿಲ್ಲ. ರೇಡಿಯೊ ಕೆಟ್ಟಿತೇನೋ ಎಂದು ತಟ್ಟಿ ನೋಡಿದವರೂ ಇದ್ದಿರಬೇಕು.

ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಒಬ್ಬರು ತಾವೇ ಬಂದು ಸಹಿ ಮಾಡಿ ಖಾತೆ ಮುಚ್ಚಿದರು, ಇನ್ನೊಬ್ಬರದು ಜಪ್ತಿಯಾಯಿತು. ಎರಡರಲ್ಲೂ ಕೊನೆಗೆ ಉಳಿದದ್ದು ಸೊನ್ನೆಯೇ. ಆದರೆ ಕೇಳುಗನ ಎದೆಯಲ್ಲಿ ಎರಡರ ಲೆಕ್ಕ ಬೇರೆ ಬೇರೆ. ಮೊದಲನೆಯವನು ಅತ್ತು, ಕಣ್ಣೊರೆಸಿಕೊಂಡು ಎದ್ದ. ಎರಡನೆಯವನು ಕಾಯುತ್ತ ಉಳಿದ.

ಮುಂದೇನಾಯಿತು ಎನ್ನುವಿರಾ? ನಿಲಯ ಮುಚ್ಚಿಸಿದ ಮಾತ್ರಕ್ಕೆ ಕೇಳುವ ಆಸೆ ಮುಚ್ಚಿಹೋಗುವುದಿಲ್ಲ. 1967ರ ಸೆಪ್ಟೆಂಬರ್ 30ರ ಬೆಳಗ್ಗೆ ಏಳಕ್ಕೆ ಬಿ.ಬಿ.ಸಿ.ಯೇ ಯುವಕರಿಗಾಗಿ ‘ರೇಡಿಯೊ ಒನ್’ ಆರಂಭಿಸಿತು. ಅಂದು ಮೊದಲು ಮಾತಾಡಿದ ಟೋನಿ ಬ್ಲ್ಯಾಕ್‌ಬರ್ನ್ ಕ್ಯಾರೊಲಿನ್ ಮತ್ತು ರೇಡಿಯೊ ಲಂಡನ್ ಎರಡರಲ್ಲೂ ದುಡಿದವರು. ಜಾನ್ ಪೀಲ್ ಅಲ್ಲಿಗೇ ಸೇರಿ, 2004ರಲ್ಲಿ ತೀರಿಕೊಳ್ಳುವವರೆಗೂ ಹೊಸ ತಂಡಗಳನ್ನು ಪರಿಚಯಿಸುತ್ತಲೇ ಇದ್ದರು. ಹಾಡುತುಣುಕುಗಳನ್ನು ಕೂಡ ಬಿ.ಬಿ.ಸಿ. ಅದೇ ಡಲ್ಲಾಸಿನ ಕಂಪನಿಯಿಂದ ತರಿಸಿತು. ಕಳ್ಳರೆಂದು ಹೊರಗಟ್ಟಿದವರನ್ನು ಏಳು ವಾರ ಕಳೆಯುವುದರೊಳಗೆ ಮನೆಯೊಳಗೆ ಕರೆದು ಮಣೆ ಹಾಕಿದಂತಾಯಿತು. 1973ರಲ್ಲಿ ಬ್ರಿಟನ್ನಿನ ನೆಲದ ಮೇಲೆ ಜಾಹೀರಾತಿನ ಖಾಸಗಿ ರೇಡಿಯೊಗೂ ಅನುಮತಿ ಸಿಕ್ಕಿತು.

ಕ್ಯಾರೊಲಿನ್ ಮಾತ್ರ ‘ಹೋಗಿ ಬರುತ್ತೇನೆ’ ಎನ್ನದೆ ಹೋಗಿ, ಮತ್ತೆ ಮತ್ತೆ ಬಂತು. ಎಳೆದೊಯ್ದ ಹಡಗುಗಳಲ್ಲಿ ಒಂದಾದ ಮಿ ಅಮಿಗೊದಿಂದ 1972ರಲ್ಲಿ ಮರಳಿ ದನಿ ಎತ್ತಿ, ರಾಕ್ ಆಲ್ಬಮ್ಮುಗಳ ನಿಲಯವಾಗಿ ಹೆಸರು ಮಾಡಿತು. 1980ರ ಮಾರ್ಚ್ 19ರ ರಾತ್ರಿ ಬಿರುಗಾಳಿಗೆ ಸಿಕ್ಕಿ ಆ ಹಡಗಿಗೆ ನೀರು ನುಗ್ಗಿತು. ಒಳಗಿದ್ದವರು ಕೇಳುಗರಿಗೆ ವಿಷಯ ತಿಳಿಸಿ ಪ್ರಸಾರ ನಿಲ್ಲಿಸಿದ ಮೇಲೆ, ಶೀರ್‌ನೆಸ್ಸಿನ ಜೀವರಕ್ಷಕ ದೋಣಿ ಅವರೆಲ್ಲರನ್ನೂ, ಅವರು ಸಾಕಿದ್ದ ಕ್ಯಾನರಿ ಹಕ್ಕಿಯನ್ನೂ ಉಳಿಸಿತು. ಹಡಗು ಮುಳುಗಿತು. 1983ರಲ್ಲಿ ‘ರಾಸ್ ರಿವೆಂಜ್’ ಎಂಬ ಬೇರೆ ಹಡಗಿನಿಂದ ನಿಲಯ ಇನ್ನೊಮ್ಮೆ ಎದ್ದಿತು. 1991ರಲ್ಲಿ ಅದೂ ಮರಳು ದಿಬ್ಬಕ್ಕೆ ಬಡಿದು ದಡ ಸೇರಿತು. ಕಡೆಗೆ 2017ರಲ್ಲಿ ಸರಕಾರದ ಅಧಿಕೃತ ಪರವಾನಗಿಯೇ ದೊರೆತು, 648 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ಕ್ಯಾರೊಲಿನ್ ಪ್ರಸಾರ ಆರಂಭಿಸಿತು. ಆ ತರಂಗಾಂತರ ಹಿಂದೆ ಯಾರದಾಗಿತ್ತು ಗೊತ್ತೇ? ಬಿ.ಬಿ.ಸಿ.ಯ ವಿಶ್ವ ಸೇವೆಯದು. ಓ ರಾಹಿಲಿ ಅದನ್ನು ಕಂಡು, 2020ರಲ್ಲಿ ಕಣ್ಣು ಮುಚ್ಚಿದರು.

ಈಗ ನಮ್ಮ ಮಾತಿಗೆ ಬರೋಣ. ಕಾಸರಗೋಡಿರಲಿ, ತಾಳವಾಡಿಯಿರಲಿ, ಅಕ್ಕಲಕೋಟೆ, ಜತ್ತ, ಮಡಕಶಿರಾ ಇರಲಿ, ಗಡಿಯ ಈಚೆಗಿರುವ ನಮಗೆ ರೇಡಿಯೊ ಎಂದರೆ ನಕ್ಷೆಯ ಗೆರೆ ದಾಟಿ ಬರುವ ತಾಯ್ನುಡಿ. ಅರ್ಧ ಗಂಟೆಯ ಒಂದು ಕಾರ್ಯಕ್ರಮ ನಮಗೆ ದೊಡ್ಡ ಆಸ್ತಿ. ಅಂಥ ಕಾರ್ಯಕ್ರಮ ನಿಲ್ಲಬೇಕಾದರೆ ಕಾಯಿದೆ ಬೇಕಿಲ್ಲ, ಟಗ್ ದೋಣಿ ಬೇಕಿಲ್ಲ. ಹೊತ್ತು ಬದಲಾಗಬಹುದು, ಅರ್ಧ ಗಂಟೆ ಕಾಲು ಗಂಟೆಯಾಗಬಹುದು. ಒಂದು ದಿನ ಹಚ್ಚಿದರೆ ಅಲ್ಲಿ ಬೇರೆಯದೇ ಬರುತ್ತಿರಬಹುದು. ಅಂಗಡಿ ಮುಚ್ಚಿದರೆ ಬೀಗ ಕಾಣುತ್ತದೆ, ಶಾಲೆ ಮುಚ್ಚಿದರೆ ಕಟ್ಟಡ ಉಳಿಯುತ್ತದೆ. ದನಿ ನಿಂತರೆ ಅದು ಇದ್ದ ಜಾಗವೂ ಕಾಣುವುದಿಲ್ಲ.

ಆದ್ದರಿಂದ ಎರಡು ವಿನಂತಿ. ಪ್ರಸಾರ ಮಾಡುವವರಲ್ಲಿ ನನ್ನದು ಇಷ್ಟೇ. ನಿಲ್ಲಿಸುವ ಪ್ರಸಂಗ ಬಾರದಿರಲಿ, ಬಂದರೆ ರೇಡಿಯೊ ಲಂಡನ್ನಿನವರಂತೆ ದಿನ, ಗಂಟೆ ಹೇಳಿ, ಕಡೆಯ ಹಾಡು ಹಾಕಿ ಹೋಗಿ. ಕೇಳುಗನಿಗೆ ಅಷ್ಟು ಮರ್ಯಾದೆ ಸಲ್ಲಬೇಕು. ಓದುಗರಾದ ತಮ್ಮಲ್ಲಿ ಇನ್ನೊಂದು. ರೇಡಿಯೊ ಲಂಡನ್ನಿನ ಆ ಕಡೆಯ ಗಂಟೆಯನ್ನು ಇಂದೂ ಕೇಳಬಹುದು. ಹಡಗಿನ ನಿಲಯಗಳ ಎಷ್ಟೋ ಧ್ವನಿಮುದ್ರಣಗಳು ಉಳಿದದ್ದು, ಮನೆಯಲ್ಲಿ ರೇಡಿಯೊದ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತ ಸಾಮಾನ್ಯ ಕೇಳುಗರಿಂದ. ತಾವೂ ಮೆಚ್ಚಿದ ಕಾರ್ಯಕ್ರಮವನ್ನು ಮುದ್ರಿಸಿ ಇಡಿ. ಅದು ಇರುವಾಗಲೇ ನಿಲಯಕ್ಕೆ ನಾಲ್ಕು ಸಾಲು ಬರೆಯಿರಿ. ನಿಂತ ಮೇಲೆ ಬರೆದ ನೂರು ಪತ್ರಕ್ಕಿಂತ ನಡೆಯುವಾಗ ಬರೆದ ಒಂದು ಕಾರ್ಡಿಗೆ ಬೆಲೆ ಹೆಚ್ಚು. ಗಾಳಿಯಲ್ಲಿ ಹೋಗಬೇಕಾಗಿದ್ದ ಮಾತುಗಳನ್ನು ಅಚ್ಚಿನಲ್ಲಿ ಹಿಡಿದಿಟ್ಟ ಈ ಪುಸ್ತಕವೂ ಅಂಥದೇ ಒಂದು ಪ್ರಯತ್ನವೆಂದು ನಾನು ತಿಳಿದಿದ್ದೇನೆ.

ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಕನ್ನಡ ಕೇಳಿಸಲಿ. ಹೋಗಿ ಬರುತ್ತೇನೆ, ನಮಸ್ಕಾರ.